ಎಳೆ ಕಟ್ಟಿದವರು ಯಾರು?

ಮುತ್ತುಸ್ವಾಮಿ ದೀಕ್ಷಿತರ ಕೆಲವು ಕೃತಿಗಳ ಹೆಸರು ಹೇಳುತ್ತೇನೆ. ಅವುಗಳೊಳಗೆ ಒಂದು ಎಳೆ ಇದೆ. ಅದು ಯಾವುದು ಎಂದು ಊಹಿಸುತ್ತಾ ಬನ್ನಿ.

ಮೊದಲನೆಯದು ಭೈರವಿಯ ‘ಚಿಂತಯ ಮಾಕಂದ ಮೂಲಕಂದಂ’. ಎರಡನೆಯದು ಯಮುನಾಕಲ್ಯಾಣಿಯ ‘ಜಂಬೂಪತೇ’. ಇಷ್ಟು ಹೇಳುವಷ್ಟರಲ್ಲೇ ಸ್ವಲ್ಪ ಸಂಸ್ಕೃತ ಓದಿದವರು ಕೈ ಎತ್ತಿಬಿಡುತ್ತಾರೆ. ಮಾಕಂದ ಎಂದರೆ ಮಾವು, ಜಂಬೂ ಎಂದರೆ ನೇರಳೆ, ಹಾಗಾದರೆ ಎಳೆ ಮರಗಳದ್ದು! ಸ್ವಲ್ಪ ತಾಳಿ. ಮೂರನೆಯದು ಸಾರಂಗ ರಾಗದ ‘ಅರುಣಾಚಲನಾಥಂ’. ಇಲ್ಲಿ ಮರ ಇಲ್ಲ, ಬೆಟ್ಟ ಇದೆ. ನಾಲ್ಕನೆಯದು ಹುಸೇನಿಯ ‘ಶ್ರೀ ಕಾಳಹಸ್ತೀಶ’. ಐದನೆಯದು ಕೇದಾರ ರಾಗದ ‘ಆನಂದ ನಟನ ಪ್ರಕಾಶಂ’. ಕಾಳಹಸ್ತಿ, ಅರುಣಾಚಲ ಅಂದ ಮೇಲೆ ಕ್ಷೇತ್ರಯಾತ್ರೆ ಮಾಡಿಬಂದ ಮನೆಯ ಹಿರಿಯರು ಥಟ್ಟನೆ ಹೇಳಿಬಿಡುತ್ತಾರೆ: ಪಂಚಭೂತ ಲಿಂಗಗಳು. ಕಂಚಿಯಲ್ಲಿ ಪೃಥ್ವಿ, ತಿರುವಾನೈಕಾವಲಿನಲ್ಲಿ ಅಪ್ಪು, ತಿರುವಣ್ಣಾಮಲೆಯಲ್ಲಿ ತೇಜಸ್ಸು, ಕಾಳಹಸ್ತಿಯಲ್ಲಿ ವಾಯು, ಚಿದಂಬರದಲ್ಲಿ ಆಕಾಶ.

ಮರ ಎಂದು ಊಹಿಸಿದವರನ್ನು ನೋಡಿ ನಗಬೇಡಿ. ಕಂಚಿಯ ಏಕಾಮ್ರನಾಥನ ಸ್ಥಳವೃಕ್ಷ ಮಾವು, ಜಂಬುಕೇಶ್ವರನ ಸ್ಥಳವೃಕ್ಷ ನೇರಳೆ. ಅದೂ ನಿಜವಾದ ಎಳೆಯೇ, ಆದರೆ ಎರಡು ಹೆಸರಿನವರೆಗೆ ಬಂದು ತುಂಡಾಗುತ್ತದೆ. ಈ ಆಟದ ರುಚಿ ಇರುವುದೇ ಇಲ್ಲಿ. ನಮ್ಮ ಬಳಗದಲ್ಲಿ ಸಂಜೆ ಕರೆಂಟು ಹೋದಾಗ ಇದನ್ನು ಆಡುತ್ತೇವೆ. ಪ್ರಶ್ನೆ ಕೇಳುವವರು ಒಂದೊಂದೇ ಕೃತಿಯ ಹೆಸರು ಬಿಡುತ್ತಾರೆ, ಉಳಿದವರು ಎಳೆ ಹಿಡಿಯಬೇಕು. ಅಂತ್ಯಾಕ್ಷರಿಯಷ್ಟು ಗದ್ದಲ ಇದಕ್ಕಿಲ್ಲ, ಜಗಳ ಮಾತ್ರ ಅದಕ್ಕಿಂತ ಜಾಸ್ತಿ. ಈ ಜಗಳಗಳ ನಡುವೆ ನನಗೆ ಹತ್ತಿದ ಒಂದು ಯೋಚನೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಎಳೆ ಯಾವುದು ಎಂಬ ಪ್ರಶ್ನೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಇರುತ್ತದೆ. ಆ ಎಳೆಯನ್ನು ಕಟ್ಟಿದವರು ಯಾರು? ವಾಗ್ಗೇಯಕಾರರೇ ಕಟ್ಟಿದರೋ, ಶಿಷ್ಯರೋ, ಪುಸ್ತಕ ಅಚ್ಚು ಹಾಕಿಸಿದವರೋ, ಅಥವಾ ಬೆಳಕಿಲ್ಲದೆ ಕೂತ ನಾವೇ ಕಟ್ಟಿಕೊಂಡೆವೋ?

ಪಂಚಲಿಂಗ ಕೃತಿಗಳಲ್ಲಿ ಈ ಅನುಮಾನಕ್ಕೆ ಜಾಗವಿಲ್ಲ. ದೀಕ್ಷಿತರು ಪಲ್ಲವಿಯ ಮೊದಲ ಮಾತಿನಲ್ಲಿ ಸುಳಿವು ಕೊಟ್ಟು ಸುಮ್ಮನಾಗುವವರಲ್ಲ. ಚಿದಂಬರದ ಕೃತಿಯ ಸಾಹಿತ್ಯದಲ್ಲಿ ಕೇದಾರ ಕ್ಷೇತ್ರದ ಹೆಸರು ಬರುತ್ತದೆ. ಮೇಲುನೋಟಕ್ಕೆ ಅದು ಹಿಮಾಲಯದ ಶಿವಕ್ಷೇತ್ರ, ಒಳಗೆ ನೋಡಿದರೆ ತಾವು ಹಾಡುತ್ತಿರುವ ರಾಗದ ಮುದ್ರೆ. ಭೈರವಿಯ ಕೃತಿಯಲ್ಲಿ ಭೈರವಿ ದೇವಿಯ ಹೆಸರಾಗಿ ಬಂದುಹೋಗುತ್ತಾಳೆ. ಅಪ್ಪುಲಿಂಗದ ಕೃತಿಯಲ್ಲಿ ನದಿಗಳ ಹೆಸರುಗಳ ನಡುವೆ ಯಮುನೆಯೂ ಬರುತ್ತಾಳೆ, ರಾಗ ಯಮುನಾಕಲ್ಯಾಣಿ. ಹೊರಗಿನ ಎಳೆ ಪಂಚಭೂತದ್ದು, ಒಳಗೆ ರಾಗಮುದ್ರೆಯದು ಇನ್ನೊಂದು, ಕೊನೆಯಲ್ಲಿ ‘ಗುರುಗುಹ’ ಎಂಬ ಅಂಕಿತ ಮತ್ತೊಂದು.

ದೀಕ್ಷಿತರ ಇನ್ನೊಂದು ಸರಣಿ ಈ ಆಟಕ್ಕೆ ಬಹಳ ಸಲೀಸು ಎಂದು ಹೊಸಬರು ತಿಳಿದುಕೊಳ್ಳುತ್ತಾರೆ. ‘ಸೂರ್ಯಮೂರ್ತೇ’, ‘ಚಂದ್ರಂ ಭಜ’, ‘ಅಂಗಾರಕಂ’, ‘ಬುಧಮಾಶ್ರಯಾಮಿ’, ‘ಬೃಹಸ್ಪತೇ’, ‘ಶ್ರೀ ಶುಕ್ರ ಭಗವಂತಂ’, ‘ದಿವಾಕರ ತನುಜಂ’. ನವಗ್ರಹ ಎನ್ನಲು ಮಗುವಿಗೂ ಬರುತ್ತದೆ. ಕ್ರಮ ನೋಡಿದರೆ ಭಾನುವಾರದಿಂದ ಶನಿವಾರದವರೆಗಿನ ವಾರ. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಂಕ. ಪೂರ್ತಿ ಅಂಕ ಬೇಕಾದವರು ಹೆಸರುಗಳನ್ನು ಬಿಟ್ಟು ತಾಳಗಳನ್ನು ಕೇಳಬೇಕು. ಸೂರ್ಯನಿಗೆ ಧ್ರುವ, ಚಂದ್ರನಿಗೆ ಮಠ್ಯ, ಅಂಗಾರಕನಿಗೆ ರೂಪಕ, ಬುಧನಿಗೆ ಝಂಪೆ, ಗುರುವಿಗೆ ತ್ರಿಪುಟ, ಶುಕ್ರನಿಗೆ ಅಟ್ಟ, ಶನಿಗೆ ಏಕ. ಸರಳೆ, ಜಂಟಿವರಸೆ ಮುಗಿಸಿ ಅಲಂಕಾರಕ್ಕೆ ಬಂದ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ, ಇದು ಸಪ್ತತಾಳಗಳ ಕ್ರಮ ಎಂದು. ನಮ್ಮ ಹರಿದಾಸರು ಸುಳಾದಿಗಳಲ್ಲಿ ಹಾಡಿ ಊರೂರಿಗೆ ಹರಡಿದ ತಾಳಗಳು ಇವೇ. ಅದಕ್ಕೇ ಇವುಗಳಿಗೆ ಸುಳಾದಿ ಸಪ್ತತಾಳ ಎಂಬ ಹೆಸರು. ತಿರುವಾರೂರಿನಲ್ಲಿ ಹುಟ್ಟಿದ ದೀಕ್ಷಿತರು ಏಳು ಗ್ರಹಗಳನ್ನು ವಾರದ ಕ್ರಮದಲ್ಲಿ, ಏಳು ತಾಳಗಳನ್ನು ಪಾಠದ ಕ್ರಮದಲ್ಲಿ ಒಂದರ ಪಕ್ಕ ಒಂದು ಇಟ್ಟಿದ್ದಾರೆ. ರಾಹು, ಕೇತುಗಳ ಮೇಲಿನ ಎರಡು ಕೃತಿಗಳು ಮತ್ತೆ ರೂಪಕ ತಾಳದಲ್ಲೇ ಇವೆ. ಅವು ಆಮೇಲೆ ಸೇರಿಕೊಂಡವು ಎಂದು ಹೇಳುವ ವಿದ್ವಾಂಸರಿದ್ದಾರೆ. ತಾಳದ ಲೆಕ್ಕ ನೋಡಿದರೆ ಅವರ ಮಾತಿಗೆ ತೂಕ ಇದೆ ಅನಿಸುತ್ತದೆ.

ಈ ಕೃತಿಗಳ ಬಗ್ಗೆ ಒಂದು ಐತಿಹ್ಯ ಇದೆ. ತಂಬಿಯಪ್ಪ ಎಂಬ ಶಿಷ್ಯನಿಗೆ ಹೊಟ್ಟೆನೋವು, ಜಾತಕ ನೋಡಿದರೆ ಗುರುಬಲ ಇಲ್ಲ. ಆಗ ದೀಕ್ಷಿತರು ‘ಬೃಹಸ್ಪತೇ’ ರಚಿಸಿ ಹಾಡಿಸಿದರು, ನೋವು ವಾಸಿಯಾಯಿತು, ಆ ಮೇಲೆ ಉಳಿದ ಗ್ರಹಗಳ ಮೇಲೂ ರಚಿಸಿದರು ಅನ್ನುತ್ತಾರೆ. ಕಥೆಯನ್ನು ಹಾಗೆಯೇ ಒಪ್ಪಿದರೆ ಒಂದು ತಮಾಷೆ ಉಳಿಯುತ್ತದೆ. ಮೊದಲು ಹುಟ್ಟಿದ್ದು ತ್ರಿಪುಟ ತಾಳದ ಐದನೆಯ ಕೃತಿ. ಅದರ ಹಿಂದಿನ ನಾಲ್ಕು, ಮುಂದಿನ ಎರಡು ಆಮೇಲೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಹಾಗಾದರೆ ಶಿಷ್ಯನ ನೋವಿನ ನಡುವೆಯೂ ದೀಕ್ಷಿತರ ತಲೆಯಲ್ಲಿ ಏಳರ ನಕ್ಷೆ ಸಿದ್ಧವಿತ್ತೇ? ಅಥವಾ ಗುರುವಾರ ವಾರದ ಐದನೆಯ ದಿನ, ತ್ರಿಪುಟ ಐದನೆಯ ತಾಳ ಎಂಬುದು ಒಂದು ಕೃತಿ ಮುಗಿದ ಮೇಲೆ ಹೊಳೆದು ಉಳಿದ ಆರಕ್ಕೆ ದಾರಿ ಮಾಡಿತೇ? ನನಗೆ ಎರಡನೆಯದೇ ಹೆಚ್ಚು ಇಷ್ಟ. ಇಷ್ಟ ಎಂದೆ, ಪುರಾವೆ ಎನ್ನಲಿಲ್ಲ.

ಪುರಾವೆ ಇಲ್ಲದೆ ಊಹಿಸುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸರಣಿಯಿಂದ ಒಂದು ಉದಾಹರಣೆ. ಅಂಗಾರಕನಿಗೆ ಮಂಗಳ ಎಂಬ ಹೆಸರೂ ಇದೆ. ಅವನ ಕೃತಿ ಸುರಟಿಯಲ್ಲಿದೆ. ಕಛೇರಿಯ ಕೊನೆಗೆ ಮಂಗಳ ಹಾಡಲು ಬಳಸುವ ರಾಗಗಳಲ್ಲಿ ಸುರಟಿಯೂ ಒಂದು. ಆಹಾ, ಸಿಕ್ಕಿತು ಎಂದು ಎದ್ದು ನಿಲ್ಲಬಹುದು. ಆದರೆ ಸೂರ್ಯನ ಕೃತಿ ಇರುವುದು ಸೌರಾಷ್ಟ್ರದಲ್ಲಿ. ತ್ಯಾಗರಾಜರ ಮಂಗಳವನ್ನು ನಾವೆಲ್ಲ ಹಾಡುವುದು ಆ ರಾಗದಲ್ಲೇ. ಈ ತರ್ಕದ ಪ್ರಕಾರ ಸೂರ್ಯನೂ ಮಂಗಳನೇ ಆಗಬೇಕಾಗುತ್ತದೆ!

ಗ್ರಹಗಳ ಮಾತು ಬಂದಾಗ ಲಂಡನ್ನಿನ ಕಡೆಗೂ ಒಂದು ಸಲ ಹೋಗಿಬರಬೇಕು. ಗುಸ್ತಾವ್ ಹೋಲ್ಸ್ಟ್ 1914ರಿಂದ 1916ರ ನಡುವೆ ‘ದಿ ಪ್ಲಾನೆಟ್ಸ್’ ಎಂಬ ವಾದ್ಯವೃಂದ ಕೃತಿ ಬರೆದರು. ಋಗ್ವೇದದ ಸೂಕ್ತಗಳಿಗೆ ಸಂಗೀತ ಕೂಡಿಸಬೇಕೆಂದು ಸಂಸ್ಕೃತ ಕಲಿತ ಮನುಷ್ಯ ಅವರು, ‘ಸಾವಿತ್ರಿ’ ಎಂಬ ಸಂಗೀತ ನಾಟಕವನ್ನೂ ಬರೆದವರು. ಗ್ರಹಗಳ ಕಡೆಗೆ ಅವರನ್ನು ಎಳೆದದ್ದು ಖಗೋಳಕ್ಕಿಂತ ಜ್ಯೋತಿಷ್ಯ. ಅವರ ಏಳು ಭಾಗಗಳು ಮಂಗಳ, ಶುಕ್ರ, ಬುಧ, ಗುರು, ಶನಿ, ಯುರೇನಸ್, ನೆಪ್ಚೂನ್. ದೀಕ್ಷಿತರ ಏಳರ ಪಕ್ಕದಲ್ಲಿ ಈ ಏಳನ್ನು ಇಟ್ಟರೆ ಐದು ಎರಡೂ ಕಡೆ ಇವೆ. ಹೋಲ್ಸ್ಟರಲ್ಲಿ ಸೂರ್ಯ ಚಂದ್ರರಿಲ್ಲ, ದೀಕ್ಷಿತರಲ್ಲಿ ಬರಿಗಣ್ಣಿಗೆ ಕಾಣದವರಿಲ್ಲ. ಹೋಲ್ಸ್ಟರ ಮಂಗಳ ಯುದ್ಧ ತರುವವನು. ಐದೈದು ಎಣಿಕೆಯ ಲಯದಲ್ಲಿ ಕುಟ್ಟುತ್ತಾ ಬರುತ್ತಾನೆ. ದೀಕ್ಷಿತರ ಅಂಗಾರಕ ಸುರಟಿಯಲ್ಲಿ ಎಷ್ಟು ಸೌಮ್ಯ ಎಂದರೆ, ಆಕಾಶದ ಆ ಕೆಂಪು ಚುಕ್ಕಿಯ ಬಗ್ಗೆಯೇ ಇಬ್ಬರೂ ಹೇಳುತ್ತಿದ್ದಾರೆ ಎಂದು ನಂಬುವುದು ಕಷ್ಟ. ಹೆಸರುಗಳು ಒಂದೇ ಎಳೆಯಲ್ಲಿ ಬಂದವು ಎಂದ ಮಾತ್ರಕ್ಕೆ ಸಂಗೀತವೂ ಬಂಧುವಾಗಬೇಕಾಗಿಲ್ಲ.

ಈಗ ಕಷ್ಟದ ಪ್ರಶ್ನೆ. ‘ಕಮಲಾಂಬಾ ಸಂರಕ್ಷತು’, ‘ಕಮಲಾಂಬಾಂ ಭಜರೇ’, ‘ಶ್ರೀ ಕಮಲಾಂಬಿಕಯಾ’, ‘ಕಮಲಾಂಬಿಕಾಯೈ’. ಎಲ್ಲ ಹೆಸರಲ್ಲೂ ಕಮಲಾಂಬೆಯೇ ಇರುವುದರಿಂದ ತಿರುವಾರೂರಿನ ಕಮಲಾಂಬಾ ನವಾವರಣ ಕೃತಿಗಳು ಎಂಬುದು ಗೊತ್ತಾಗಿಬಿಡುತ್ತದೆ. ನಮ್ಮ ಪ್ರಶ್ನೆ ಅದಲ್ಲ. ಮೊದಲನೆಯದು, ಎರಡನೆಯದು ಎಂಬ ಕ್ರಮ ಹೆಸರನ್ನು ನೋಡಿದರೇ ಹೇಗೆ ತಿಳಿಯುತ್ತದೆ? ಶಾಲೆಯಲ್ಲಿ ರಾಮ ಶಬ್ದ ಉರು ಹೊಡೆದು ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವರಿಗೆ ಇದು ಬೇಗ ಹೊಳೆಯುತ್ತದೆ. ಪ್ರಥಮಾ, ದ್ವಿತೀಯಾ, ತೃತೀಯಾ, ಚತುರ್ಥೀ. ಶ್ರೀಚಕ್ರದ ಒಂದೊಂದು ಆವರಣ ದಾಟಿದಂತೆ ದೇವಿಯ ಹೆಸರು ಒಂದೊಂದು ವಿಭಕ್ತಿ ದಾಟುತ್ತದೆ. ಎಂಟನೆಯದು ಘಂಟಾ ರಾಗದಲ್ಲಿ, ಸಂಬೋಧನೆ. ಒಂಬತ್ತನೆಯದಕ್ಕೆ ವಿಭಕ್ತಿ ಎಲ್ಲಿಂದ ತರುವುದು? ಆಹಿರಿಯ ಆ ಕೃತಿಯಲ್ಲಿ ಎಲ್ಲ ವಿಭಕ್ತಿಗಳನ್ನೂ ಸೇರಿಸಿಬಿಟ್ಟಿದ್ದಾರೆ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಐದು ಮತ್ತು ಆರನೆಯ ಆವರಣದಲ್ಲಿ ಒಂದು ಸೊಗಸು ಇದೆ. ಸಂಸ್ಕೃತದಲ್ಲಿ ಇಂಥ ಸ್ತ್ರೀಲಿಂಗ ಶಬ್ದಕ್ಕೆ ಪಂಚಮೀ ಏಕವಚನವೂ ಷಷ್ಠೀ ಏಕವಚನವೂ ಒಂದೇ ರೂಪ. ಶಬ್ದ ಒಂದನ್ನೇ ಕಿವಿಗೆ ಹಾಕಿದರೆ ಇದು ಐದೋ ಆರೋ ಎಂದು ಬೃಹಸ್ಪತಿಗೂ ಹೇಳಲು ಬರುವುದಿಲ್ಲ. ದೀಕ್ಷಿತರು ಪಕ್ಕದ ಮಾತಿನಿಂದ ಬಾಗಿಲು ತೆರೆಯುತ್ತಾರೆ. ಐದನೆಯದಾದ ಭೈರವಿಯ ಕೃತಿಯಲ್ಲಿ ‘ಪರಂ’ ಎಂಬ ಮಾತು ಬರುತ್ತದೆ, ಅವಳಿಗಿಂತ ಆಚೆಗೆ ಏನೂ ಇಲ್ಲ ಎಂಬ ಅರ್ಥ, ಅದಕ್ಕೆ ಪಂಚಮಿಯೇ ಬೇಕು. ಆರನೆಯದಾದ ಪುನ್ನಾಗವರಾಳಿಯಲ್ಲಿ ಭಕ್ತನ ಮಾತು ಬರುತ್ತದೆ, ಅವಳ ಭಕ್ತ ಎನ್ನುವಾಗ ಷಷ್ಠಿ. ಇಂಥದ್ದು ಆಕಸ್ಮಿಕವಾಗಿ ಆಗುವುದಿಲ್ಲ. ವ್ಯಾಕರಣವನ್ನು ಹೀಗೆ ಕುಣಿಸುವುದು ಪಾಂಡಿತ್ಯ ಪ್ರದರ್ಶನ ಎಂದು ಮೂಗು ಮುರಿಯುವವರೂ ಇದ್ದಾರೆ. ಅವರು ಆ ಪುನ್ನಾಗವರಾಳಿಯನ್ನು ಒಳ್ಳೆಯ ವೀಣೆಯಲ್ಲಿ ಒಂದು ಸಲ ಕೇಳಲಿ, ಆಮೇಲೆ ಮಾತಾಡೋಣ.

ತಿರುವಾರೂರಿನಲ್ಲೇ ನೀಲೋತ್ಪಲಾಂಬೆ ಎಂಬ ಇನ್ನೊಬ್ಬ ದೇವಿಯಿದ್ದಾಳೆ. ಅವಳ ಮೇಲೂ ಎಂಟು ವಿಭಕ್ತಿಗಳಲ್ಲಿ ಎಂಟು ಕೃತಿಗಳಿವೆ. ಹೆಸರು ಕೇಳಿದರೆ ಮತ್ತೆ ಅದೇ ವ್ಯಾಕರಣ, ಇನ್ನೇನು ಹೊಸದು ಎನ್ನಬಹುದು. ಈಗ ರಾಗಗಳನ್ನು ಕೇಳಿ. ನಾರಾಯಣಗೌಳ, ರೀತಿಗೌಳ, ಕನ್ನಡಗೌಳ, ಕೇದಾರಗೌಳ, ಗೌಳ, ಮಾಯಾಮಾಳವಗೌಳ, ಪೂರ್ವಗೌಳ, ಛಾಯಾಗೌಳ. ಸ್ವರಗಳಲ್ಲಿ ಇವೆಲ್ಲ ಒಂದೇ ಮನೆತನವಲ್ಲ. ರೀತಿಗೌಳ ಎಲ್ಲಿ, ಮಾಯಾಮಾಳವಗೌಳ ಎಲ್ಲಿ! ಹೆಸರಿನ ಬಾಲ ಮಾತ್ರ ಒಂದು. ವಿಭಕ್ತಿಯ ಎಳೆಯನ್ನು ಮೇಲಕ್ಕೆ ಬಿಟ್ಟು, ಗೌಳದ ಎಳೆಯನ್ನು ಕೆಳಗೆ ಅಡಗಿಸಿ, ದೀಕ್ಷಿತರೇ ನಮ್ಮ ಆಟವನ್ನು ಆಡಿಬಿಟ್ಟಿದ್ದಾರೆ. ಕನ್ನಡಗೌಳಕ್ಕೆ ಜಾಗ ಸಿಕ್ಕಿದ್ದಕ್ಕೆ ನಾವು ಸ್ವಲ್ಪ ಬೀಗಬಹುದು, ಅದಕ್ಕೇನೂ ತೆರಿಗೆ ಇಲ್ಲ.

ನಮ್ಮ ಮೈಸೂರಿನಲ್ಲೂ ಇಂಥ ಒಂದು ದೊಡ್ಡ ಸರಣಿ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಅಷ್ಟೋತ್ತರವನ್ನು ಹಿಡಿದು ಕನ್ನಡದಲ್ಲಿ 108 ಕೃತಿಗಳನ್ನು ರಚಿಸಿದರು. ಇವತ್ತು ಕಛೇರಿಗಳಲ್ಲಿ ಹೆಚ್ಚಾಗಿ ಕೇಳುವುದು ‘ಭುವನೇಶ್ವರಿಯ’ ಎಂಬ ಒಂದು. ಅದರ ರಾಗ ಮೋಹನಕಲ್ಯಾಣಿ, ಭಾಗವತರೇ ಕಟ್ಟಿದ್ದು. ಉಳಿದವುಗಳಲ್ಲಿ ಎಷ್ಟೋ ಕೃತಿಗಳು ವೇದಿಕೆಗೆ ಬರುವುದೇ ಇಲ್ಲ. ಒಂದೇ ಒಂದನ್ನು ಹಾಡಿದಾಗ ಅದು ಅಷ್ಟೋತ್ತರದ ಒಂದು ನಾಮ ಎಂದು ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತದೆ? ಕಟ್ಟಿದವರು ಗಟ್ಟಿಯಾಗಿಯೇ ಕಟ್ಟಿದರು, ಹಾಡುವವರು ಬಿಡಿಸಿಬಿಟ್ಟೆವು.

ಕೃತಿಗಳ ಹೆಸರು ಬಿಟ್ಟು ರಾಗಗಳ ಹೆಸರಿಗೇ ಬಂದರೆ ಅಲ್ಲಿ ಅಡಗಿರುವುದು ಅಂಕಿ. ಕಟಪಯಾದಿ ಎಂಬ ಹಳೆಯ ಲೆಕ್ಕದಲ್ಲಿ ಒಂದೊಂದು ವ್ಯಂಜನಕ್ಕೆ ಒಂದೊಂದು ಅಂಕಿ. ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರ ತೆಗೆದುಕೊಂಡು, ಅಂಕಿ ಬರೆದು, ತಿರುಗಿಸಿದರೆ ರಾಗದ ಸಂಖ್ಯೆ ಸಿಗುತ್ತದೆ. ‘ಮಾಯಾ’ ಎಂದರೆ ಮ ಐದು, ಯ ಒಂದು, ತಿರುಗಿಸಿದರೆ 15. ಮಾಯಾಮಾಳವಗೌಳ ಹದಿನೈದನೆಯ ಮೇಳ. ಶಂಕರಾಭರಣ ಎಷ್ಟು ಚೆನ್ನಾದ ಹೆಸರು, ಅದಕ್ಕೆ ‘ಧೀರ’ ಯಾಕೆ ಅಂಟಿಕೊಂಡಿತು ಎಂದು ಎಂದಾದರೂ ಯೋಚಿಸಿದ್ದೀರಾ? ಧ ಒಂಬತ್ತು, ರ ಎರಡು, ತಿರುಗಿಸಿದರೆ 29. ಧೀರ ಇಲ್ಲದೆ ಬರೀ ಶಂಕರನನ್ನು ಲೆಕ್ಕ ಹಾಕಿದರೆ 15 ಬರುತ್ತದೆ, ಅಂದರೆ ಶಂಕರಾಭರಣ ಹೋಗಿ ಮಾಯಾಮಾಳವಗೌಳದ ಮನೆಯಲ್ಲಿ ಕೂರುತ್ತದೆ. ತೋಡಿಯನ್ನು ಹಾಗೇ ಬಿಟ್ಟರೆ 36, ಅದು ಚಲನಾಟದ ಮನೆ. ಆದ್ದರಿಂದ ಹನುಮನ ಬೆನ್ನಿಗೆ ಹತ್ತಿ ಹನುಮತೋಡಿಯಾಗಿ ಎಂಟನೆಯ ಜಾಗಕ್ಕೆ ಬಂತು. ನಟಭೈರವಿಯನ್ನು ಶಾಸ್ತ್ರಗ್ರಂಥಗಳಲ್ಲಿ ‘ನಠಭೈರವಿ’ ಎಂದು ಮಹಾಪ್ರಾಣ ಹಾಕಿ ಬರೆಯುತ್ತಾರೆ. ಅಚ್ಚಿನ ದೋಷ ಅಲ್ಲ. ಟ ಆದರೆ 10, ಠ ಆದರೆ 20, ರಾಗ ಇಪ್ಪತ್ತನೆಯದು.

ಇಷ್ಟು ಜಾಣತನ ಯಾರದು? ಎಪ್ಪತ್ತೆರಡು ಮೇಳಗಳ ಚೌಕಟ್ಟು ಹದಿನೇಳನೆಯ ಶತಮಾನದ ವೆಂಕಟಮಖಿಯದು, ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಬಂದದ್ದು. ಅವರ ತಂದೆ ತಂಜಾವೂರು ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು, ಕನ್ನಡ ಮೂಲದ ಮನೆತನ. ಆದರೆ ಹೆಸರಿನಲ್ಲಿ ಅಂಕಿ ಬಚ್ಚಿಟ್ಟದ್ದು ವೆಂಕಟಮಖಿಯಲ್ಲ, ಆಮೇಲಿನವರು. ರಾಗಗಳು ಅದಕ್ಕೂ ಎಷ್ಟೋ ಹಿಂದಿನಿಂದ ಜನರ ಬಾಯಲ್ಲಿದ್ದವು. ಮೂರು ಕೈ ಸೇರಿ ಕಟ್ಟಿದ ಎಳೆ ಇದು, ಯಾವ ಗಂಟು ಯಾರದು ಎಂದು ತಿಳಿಯದೆ ಎಲ್ಲವನ್ನೂ ‘ಪ್ರಾಚೀನರ ಮಹಿಮೆ’ ಎಂದು ಒಂದೇ ಚೀಲಕ್ಕೆ ಹಾಕುತ್ತೇವೆ.

ಸ್ವರದಲ್ಲೇ ಅಕ್ಷರ ಅಡಗಿಸುವ ಆಟವನ್ನು ಜರ್ಮನಿಯವರೂ ಆಡಿದರು. ಅವರ ಪದ್ಧತಿಯಲ್ಲಿ ಸ್ವರಗಳಿಗೆ ಅಕ್ಷರಗಳೇ ಹೆಸರು. ರಾಬರ್ಟ್ ಶೂಮನ್ 1830ರ ದಶಕದಲ್ಲಿ ಬರೆದ ‘ಕಾರ್ನವಾಲ್’ ಎಂಬ ಪಿಯಾನೊ ಸರಣಿಯ ತುಣುಕುಗಳ ಹೆಸರು ನೋಡಿ: ಪಿಯೆರೊ, ಆರ್ಲೆಕಿನ್, ಫ್ಲೋರೆಸ್ಟಾನ್, ಕಿಯಾರಿನಾ, ಶೋಪ್ಯಾಂ, ಪಗಾನೀನಿ. ವಿದೂಷಕರು, ಕಲ್ಪನೆಯ ಗೆಳೆಯರು, ಬದುಕಿದ್ದ ಸಂಗೀತಗಾರರು ಎಲ್ಲ ಒಂದೇ ಜಾತ್ರೆಯಲ್ಲಿ ಸೇರಿದ್ದಾರೆ. ಹೆಸರಿನಿಂದ ಊಹಿಸಿದರೆ ವೇಷಗಳ ಜಾತ್ರೆ ಎನ್ನುವಲ್ಲಿಗೆ ನಿಲ್ಲುತ್ತೇವೆ. ಒಳಗಿನ ಎಳೆ ಎ, ಎಸ್, ಸಿ, ಎಚ್ ಎಂಬ ನಾಲ್ಕು ಸ್ವರ. ‘ಆಶ್’ ಎಂಬುದು ಶೂಮನ್ ಆಗ ಮದುವೆಯಾಗಬೇಕೆಂದಿದ್ದ ಹುಡುಗಿ ಎರ್ನೆಸ್ಟೀನಳ ಊರು. ಆ ನಾಲ್ಕು ಅಕ್ಷರಗಳು ಶೂಮನ್ನರ ಹೆಸರಿನ ಕಾಗುಣಿತದಲ್ಲೂ ಇವೆ. ಆ ಮದುವೆ ನಡೆಯಲಿಲ್ಲ, ಊರಿನ ಹೆಸರು ಮಾತ್ರ ಪಿಯಾನೊದಲ್ಲಿ ಉಳಿಯಿತು. ನಮ್ಮ ಸ್ವರಾಕ್ಷರ ಬಲ್ಲವರಿಗೆ, ಅಂದರೆ ಸ ಸ್ವರದ ಮೇಲೆ ‘ಸ’ ಅಕ್ಷರವೇ ಬಂದು ಕೂರುವ ಚಮತ್ಕಾರ ಬಲ್ಲವರಿಗೆ, ಇದನ್ನು ವಿವರಿಸಬೇಕಾಗಿಲ್ಲ.

ಊಹೆಯ ಆಟವನ್ನು ಕೇಳುಗರ ಮುಂದೆ ಬಹಿರಂಗವಾಗಿಯೇ ಇಟ್ಟವರು ಇಂಗ್ಲೆಂಡಿನ ಎಡ್ವರ್ಡ್ ಎಲ್ಗಾರ್. 1899ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದ ‘ಎನಿಗ್ಮಾ ವೇರಿಯೇಷನ್ಸ್’ ಒಂದು ಧಾಟಿಯ ಮೇಲೆ ಕಟ್ಟಿದ ಹದಿನಾಲ್ಕು ವಿಸ್ತಾರಗಳು. ತಲೆಬರಹದಲ್ಲಿ ಹೆಚ್ಚಿನವಕ್ಕೆ ಹೆಸರಿನ ಮೊದಲಕ್ಷರಗಳು ಮಾತ್ರ, ಒಂದಕ್ಕೆ ಬರೀ ಮೂರು ನಕ್ಷತ್ರ ಚಿಹ್ನೆ. ಮೊದಲನೆಯದು ಹೆಂಡತಿ, ಕೊನೆಯದು ತಾನು, ನಡುವೆ ಗೆಳೆಯರು. ಹನ್ನೊಂದನೆಯದಕ್ಕೆ ಒಬ್ಬ ಆರ್ಗನ್ ವಾದಕರ ಮೊದಲಕ್ಷರಗಳಿವೆ. ಆದರೆ ಅದು ನಿಜವಾಗಿ ಅವರ ಬುಲ್‌ಡಾಗ್ ನಾಯಿ ಡ್ಯಾನ್ ವೈ ನದಿಯ ದಂಡೆಯಿಂದ ಜಾರಿ ನೀರಿಗೆ ಬಿದ್ದು, ಈಜಿ, ದಡ ಹತ್ತಿ ಬೊಗಳಿದ ಪ್ರಸಂಗ. ಈ ಎಳೆ ಬೇಗ ಬಿಚ್ಚಿಕೊಂಡಿತು. ಇನ್ನೊಂದು ಬಿಚ್ಚಿಕೊಳ್ಳಲಿಲ್ಲ. ಇಡೀ ಕೃತಿಯ ಮೇಲೆ ಬೇರೊಂದು ದೊಡ್ಡ ಧಾಟಿ ಹಾದುಹೋಗುತ್ತದೆ, ಆದರೆ ಅದನ್ನು ನುಡಿಸುವುದಿಲ್ಲ ಎಂದು ಎಲ್ಗಾರ್ ಬರೆದುಬಿಟ್ಟರು. ಯಾವ ಧಾಟಿ? ಡೋರಾ ಪೆನ್ನಿ ಎಂಬ ಗೆಳತಿಗೆ, ಬೇರೆ ಯಾರಲ್ಲದಿದ್ದರೂ ನೀನು ಕಂಡುಹಿಡಿಯುತ್ತೀಯೆ ಅಂದುಕೊಂಡಿದ್ದೆ ಎಂದರಂತೆ. ಅವಳಿಗೆ ಹೊಳೆಯಲಿಲ್ಲ. 1934ರಲ್ಲಿ ಎಲ್ಗಾರ್ ಗುಟ್ಟು ಹೇಳದೆಯೇ ತೀರಿಕೊಂಡರು. ‘ಆಲ್ಡ್ ಲ್ಯಾಂಗ್ ಸೈನ್’ ಇರಬಹುದು, ‘ರೂಲ್ ಬ್ರಿಟಾನಿಯಾ’ ಇರಬಹುದು, ಮೊಟ್ಸಾರ್ಟರ ‘ಪ್ರಾಗ್’ ಸಿಂಫನಿಯ ಒಂದು ತುಂಡು ಇರಬಹುದು ಎಂದು ಜನ ಇವತ್ತಿಗೂ ಲೆಕ್ಕ ಹಾಕುತ್ತಲೇ ಇದ್ದಾರೆ. ಎಲ್ಗಾರರಿಗೆ ಒಗಟು, ಸಂಕೇತಲಿಪಿಗಳ ಹುಚ್ಚು ಇತ್ತು. ನುಡಿಸದ ಧಾಟಿಯೊಂದು ನಿಜಕ್ಕೂ ಇತ್ತೋ, ಊಹಿಸುವವರನ್ನು ಊಹಿಸುತ್ತಲೇ ಇರಿಸುವುದು ಉದ್ದೇಶವೋ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಹೊರಗಿನವರು ಕಟ್ಟಿದ ಎಳೆಗಳು ಇದಕ್ಕೆ ತದ್ವಿರುದ್ಧ. ಬೀಥೋವನ್ನರ ‘ಮೂನ್‌ಲೈಟ್’ ಸೊನಾಟಾ, ಡೆಬ್ಯುಸಿಯ ‘ಕ್ಲೇರ್ ದ ಲ್ಯೂನ್’, ಡ್ವೋರ್ಜಾಕರ ‘ರುಸಾಲ್ಕಾ’ದಲ್ಲಿ ಬರುವ ಚಂದ್ರನ ಹಾಡು. ಎಳೆ ಬೆಳದಿಂಗಳು ಎಂದು ಹೇಳಿ ಅಂಕ ಪಡೆಯಬಹುದು. ಆದರೆ 1801ರಲ್ಲಿ ಬೀಥೋವನ್ ಸೊನಾಟಾ ಬರೆದಾಗ ಚಂದ್ರ ಅಲ್ಲಿರಲಿಲ್ಲ. ಫ್ಯಾಂಟಸಿಯಂಥ ಸೊನಾಟಾ ಎಂದಷ್ಟೇ ಅವರು ಬರೆದದ್ದು. ಅವರು ತೀರಿಕೊಂಡು ಕೆಲವು ವರ್ಷದ ಮೇಲೆ ಲುಡ್ವಿಗ್ ರೆಲ್‌ಸ್ಟಾಬ್ ಎಂಬ ಕವಿಗೆ ಅದನ್ನು ಕೇಳಿ ಲೂಸರ್ನ್ ಸರೋವರದ ಮೇಲಿನ ಬೆಳದಿಂಗಳ ನೆನಪಾಯಿತಂತೆ. ಹೆಸರು ಅಂಟಿಕೊಂಡಿತು. ನನ್ನ ಪರೀಕ್ಷೆ ಇಷ್ಟೇ: ಹೆಸರು ಅಳಿಸಿ ನೋಡುವುದು. ನವಗ್ರಹ ಕೃತಿಗಳ ಹೆಸರು ಅಳಿಸಿದರೂ ತಾಳಗಳು ಕ್ರಮವಾಗಿ ಉಳಿಯುತ್ತವೆ, ಎಳೆ ಕಿವಿಗೆ ಸಿಗುತ್ತದೆ. ಸೊನಾಟಾದ ಹೆಸರು ಅಳಿಸಿದರೆ ಬೆಳದಿಂಗಳು ಹೋಯಿತು, ಸೊನಾಟಾಕ್ಕೆ ಏನೂ ಆಗಲಿಲ್ಲ.

ತ್ಯಾಗರಾಜರ ಪಂಚರತ್ನ ಈ ಪರೀಕ್ಷೆಯಲ್ಲಿ ನಡುವೆ ನಿಲ್ಲುತ್ತದೆ. ಐದೂ ಆದಿತಾಳ. ರಾಗಗಳು ನಾಟ, ಗೌಳ, ಆರಭಿ, ವರಾಳಿ, ಶ್ರೀ, ವೈಣಿಕರು ತಾನಕ್ಕೆ ಬಳಸುತ್ತಿದ್ದ ಘನರಾಗಗಳು. ಅಷ್ಟರಮಟ್ಟಿಗೆ ಎಳೆ ಕಿವಿಗೆ ಸಿಗುತ್ತದೆ. ಆದರೆ ಐದನ್ನೂ ಒಂದೇ ಉಸಿರಿನಲ್ಲಿ, ನೂರಾರು ಕಂಠ ಸೇರಿ ಹಾಡುವ ಈಗಿನ ಕಲ್ಪನೆ ತಿರುವೈಯಾರಿನ ಆರಾಧನೆಯಿಂದ ಬಂದದ್ದು, ಅದೂ 1940ರ ದಶಕದಲ್ಲಿ, ಆರಾಧನೆಯ ಬಣಗಳು ಒಂದಾದ ಮೇಲೆ ನೆಲೆಯಾದದ್ದು. ಆ ಬಣಗಳ ಕಾಲದಲ್ಲಿ ಹೆಂಗಸರಿಗೆ ಅಲ್ಲಿ ಹಾಡಲು ಅವಕಾಶವಿಲ್ಲದಿದ್ದಾಗ ಬೇರೆಯದೇ ಆರಾಧನೆ ನಡೆಸಿ, ಸ್ವಂತ ದುಡ್ಡಿನಿಂದ ಸಮಾಧಿಗೆ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಇನ್ನು ವರಾಳಿಯ ವಿಷಯ. ಅದನ್ನು ಗುರು ಬಾಯಿಂದ ಬಾಯಿಗೆ ಕಲಿಸಿದರೆ ಗುರುಶಿಷ್ಯರಿಗೆ ವಿರಸ ಎಂಬ ನಂಬಿಕೆ ಇದೆ. ಹಾಗಾಗಿ ಪಂಚರತ್ನಗಳಲ್ಲಿ ‘ಕನಕನರುಚಿರಾ’ ಒಂದು ಬಹಳ ಮಂದಿಗೆ ಕೇಳಿ ಕಲಿತ ಪಾಠ.

ನನ್ನ ಪರೀಕ್ಷೆ ಪೂರ್ತಿ ಕೈಕೊಡುವ ಒಂದು ಪ್ರಸಂಗವೂ ಇದೆ, ಅದರಲ್ಲಿ ಮೈಸೂರಿಗೂ ಪಾಲಿದೆ. ‘ವಸಂತ’, ‘ಸೆಪ್ಟೆಂಬರ್’, ‘ನಿದ್ದೆಗೆ ಹೋಗುವಾಗ’, ‘ಸಂಜೆಗೆಂಪಿನಲ್ಲಿ’. ರಿಚರ್ಡ್ ಸ್ಟ್ರೌಸ್ 1948ರಲ್ಲಿ ಬರೆದ ಹಾಡುಗಳು. ಮೊದಲ ಮೂರು ಹೆರ್ಮನ್ ಹೆಸ್ಸೆಯ ಕವಿತೆ, ಕೊನೆಯದು ಐಶೆನ್‌ಡಾರ್ಫರದು. ಹೆಸರು ಕೇಳಿದರೇ ಎಳೆ ಕಾಣುತ್ತದೆ: ಬದುಕು ಸಂಜೆಗೆ ತಿರುಗುವುದು. ಕೇಳಿದರೆ ಸಂಗೀತದಲ್ಲೂ ಅದೇ ಇದೆ. ಕೊನೆಯ ಹಾಡಿನಲ್ಲಿ ಸ್ಟ್ರೌಸ್ ತಮ್ಮ ಯೌವನದ ‘ಡೆತ್ ಅಂಡ್ ಟ್ರಾನ್ಸ್‌ಫಿಗರೇಷನ್’ ಕೃತಿಯ ಧಾಟಿಯನ್ನು ನೆನಪು ಮಾಡಿಕೊಂಡಿದ್ದಾರೆ. ಆದರೂ ‘ಕೊನೆಯ ನಾಲ್ಕು ಹಾಡುಗಳು’ ಎಂಬ ಹೆಸರಾಗಲಿ ಈಗ ಹಾಡುವ ಕ್ರಮವಾಗಲಿ ಸ್ಟ್ರೌಸರದಲ್ಲ. 1949ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಾಶನ ಸಂಸ್ಥೆಯ ಅರ್ನ್ಸ್ಟ್ ರೋಟ್ ಇಟ್ಟದ್ದು.

ಈ ಹಾಡುಗಳನ್ನು ಮೊದಲು ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದ. ಆ ಕಛೇರಿಗೆ 4,800 ಡಾಲರ್‌ಗಳ ಹಣದ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು, ಧ್ವನಿಮುದ್ರಣ ತಮ್ಮ ಸಂಗ್ರಹಕ್ಕೆ ಮೈಸೂರಿಗೆ ಬರಲಿ ಎಂದು. ರಷ್ಯದ ನಿಕೊಲಾಯ್ ಮೆಡ್ಟ್ನರರ ಕೃತಿಗಳನ್ನು ರೆಕಾರ್ಡು ಮಾಡಿಸಲು ದುಡ್ಡು ಕೊಟ್ಟು, ಅವರ ಮೂರನೆಯ ಪಿಯಾನೊ ಕನ್ಸರ್ಟೊದ ಅರ್ಪಣೆಗೆ ಪಾತ್ರರಾದವರೂ ಇವರೇ. ಸ್ವತಃ ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿ, ದೀಕ್ಷಿತರ ಹಾದಿಯಲ್ಲೇ ಸಾಹಿತ್ಯದೊಳಗೆ ರಾಗದ ಹೆಸರು ಕೂಡಿಸುತ್ತಿದ್ದ ವಾಗ್ಗೇಯಕಾರರು. ಅವರಿಗೆ ಈ ಆಟ ಹೊಸದಾಗಿರಲು ಸಾಧ್ಯವಿಲ್ಲ.

ಅಂದು ಲಂಡನ್ನಿನಲ್ಲಿ ಹಾಡಿದ ಕ್ರಮ ರೋಟ್ ಅಚ್ಚು ಹಾಕಿಸಿದ ಕ್ರಮವಲ್ಲ. ಮೊದಲು ‘ನಿದ್ದೆಗೆ ಹೋಗುವಾಗ’, ಆಮೇಲೆ ‘ಸೆಪ್ಟೆಂಬರ್’, ‘ವಸಂತ’ ಮೂರನೆಯದು. ವಸಂತದಿಂದ ಶರತ್ತಿಗೆ, ಶರತ್ತಿನಿಂದ ನಿದ್ದೆಗೆ ಇಳಿಯುವ ಕಥೆ ಆ ರಾತ್ರಿ ಇರಲೇ ಇಲ್ಲ. ಅಲ್ಲದೆ ಅವು ಕೊನೆಯ ಹಾಡುಗಳೂ ಅಲ್ಲ. ಅದೇ 1948ರ ನವೆಂಬರಿನಲ್ಲಿ ಸ್ಟ್ರೌಸ್ ‘ಮಾಲ್ವೆನ್’ ಎಂಬ ಇನ್ನೊಂದು ಹಾಡು ಬರೆದು ಗಾಯಕಿ ಮರಿಯಾ ಯೆರಿಟ್ಸಾಗೆ ಕಳಿಸಿದ್ದರು. ಅವರು ಅದನ್ನು ತಮ್ಮಲ್ಲೇ ಇಟ್ಟುಕೊಂಡರು. ಅವರು ತೀರಿಹೋದ ಮೇಲೆ 1980ರ ದಶಕದಲ್ಲಷ್ಟೇ ಅದು ಹೊರಬಂತು. ಮಾಲ್ವೆನ್ ನಮ್ಮ ದಾಸವಾಳದ ಬಳಗಕ್ಕೆ ಸೇರಿದ ಹೂ.

ಹಾಗಾಗಿ ನಿಮ್ಮ ಮನೆಯಲ್ಲಿ ಈ ಆಟ ಆಡುವಾಗ ಸ್ಟ್ರೌಸರ ಐದು ಹೆಸರುಗಳನ್ನೂ ಹೇಳಿಬಿಡಿ, ಬೇಕಾದ ಕ್ರಮದಲ್ಲಿ ಹೇಳಿ. ಒಂದು ಋತು, ಒಂದು ತಿಂಗಳು, ನಿದ್ದೆ, ಸಂಜೆ, ಹೂವು. ಯಾರಾದರೂ ಎಳೆ ಹಿಡಿದರೆ ಅಂಕ ಕೊಡಿ. ಆ ಎಳೆ ರೋಟ್ ಅವರದಲ್ಲ, ಸ್ಟ್ರೌಸರದೆಂದೂ ಹೇಳಲಾಗದು, ಹಿಡಿದವರದೇ ಎಂದು ಬರೆದುಕೊಳ್ಳಿ.